ಡಿಸ್ಟಿಲರಿಗೆ ಯಾವ ಎಕ್ಸ್ ಸಲಕರಣೆ: ಝೋನ್ ಗೆರೆ ಎಳೆದ ಮೇಲಿನ ಆಯ್ಕೆಗಳು

ಎಕ್ಸ್ ಸಲಕರಣೆ ಎಂದರೆ ಹೊತ್ತಿಕೊಳ್ಳಬಲ್ಲ ಆವಿಯೋ ಧೂಳೋ ಇರುವ ಜಾಗದಲ್ಲಿ ಬೆಂಕಿ ಹೊತ್ತಿಸದಂತೆ ಮಾಡಿದ ಸಲಕರಣೆ. ಝೋನ್ ಎಂದರೆ ಆ ಜಾಗದ ಅಪಾಯದ ದರ್ಜೆ, ಗೆರೆ ಎಂದರೆ ಅದರ ಎಲ್ಲೆ. ಸಕ್ಕರೆ ಕಾರ್ಖಾನೆಯ ಪಕ್ಕದಲ್ಲಿ ಹೊಸದಾಗಿ ಎಥನಾಲ್ ಘಟಕ ಕಟ್ಟುತ್ತಿರುವವರೂ, ಇರುವ ಘಟಕವನ್ನು ಹಿಗ್ಗಿಸುತ್ತಿರುವವರೂ ನನ್ನನ್ನು ಕೇಳುವ ಪ್ರಶ್ನೆಗಳು ಬೆಳಗಾವಿಯಿಂದ ಮಂಡ್ಯದವರೆಗೆ ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ಸ್ಪಿರಿಟ್ ಇರುವ ಕಡೆಯೆಲ್ಲ ಎಫ್‌ಎಲ್‌ಪಿ, ಎಂದರೆ ಫ್ಲೇಮ್‌ಪ್ರೂಫ್, ಹಾಕಿಬಿಟ್ಟರೆ ಸಾಲದೇ? ಕಿಡಿಯೇ ಹುಟ್ಟದಂತೆ ಬಿಗಿಮಾಡಿದ ಇನ್‌ಕ್ರೀಸ್ಡ್ ಸೇಫ್ಟಿ ಮೋಟರ್ ಅಗ್ಗವೆನ್ನುತ್ತಾರೆ, ಅದನ್ನು ನಂಬಬಹುದೇ? ಅಳತೆ ಕಳಿಸುವ ಟ್ರಾನ್ಸ್‌ಮಿಟರ್‌ಗಳಿಗೆ ತಂತಿಯ ಶಕ್ತಿಯನ್ನು ಮಿತಿಗೊಳಿಸುವ ಬ್ಯಾರಿಯರ್ ಹಾಕಲೇಬೇಕೇ, ಅಥವಾ ಅವೂ ಎಫ್‌ಎಲ್‌ಪಿ ಆದರೆ ನಡೆಯುತ್ತದೆಯೇ? ಇವುಗಳಿಗೆ ಒಂದೇ ಸಾಲಿನ ಉತ್ತರವಿಲ್ಲ. ಆದರೆ ಯಾವ ಅಳತೆಗೋಲಿನಿಂದ ಅಳೆಯಬೇಕೆಂಬುದು ಗೊತ್ತಿದ್ದರೆ ಉತ್ತರವನ್ನು ನೀವೇ ಕಂಡುಕೊಳ್ಳಬಹುದು.

ಕೆಲವು ವರ್ಷಗಳ ಹಿಂದೆ ಒಂದು ಡಿಸ್ಟಿಲರಿಯ ಸ್ಪಿರಿಟ್ ರಿಸೀವರ್ ಕೋಣೆಯಲ್ಲಿ ಒಂದು ಎಫ್‌ಎಲ್‌ಪಿ ಜಂಕ್ಷನ್ ಬಾಕ್ಸ್ ಬಿಚ್ಚಿಸಿದ್ದೆ. ಮುಚ್ಚಳಕ್ಕೆ ಎಂಟು ಬೋಲ್ಟುಗಳ ಜಾಗವಿತ್ತು, ಹಾಕಿದ್ದದ್ದು ಐದು. ಮುಚ್ಚಳವೂ ಪೆಟ್ಟಿಗೆಯೂ ಕೂಡುವ ಅಂಚಿಗೆ ಲೋಹದ ಹೊಳಪು ಇರಬೇಕಾಗಿತ್ತು. ಅಲ್ಲಿ ಎರಡು ಕೋಟ್ ಬೂದುಬಣ್ಣದ ಪೇಂಟ್ ಇತ್ತು, ಅದರ ಮೇಲೆ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಪಟ್ಟಿ. ಕೇಳಿದರೆ, ಮಳೆ ನೀರು ಒಳಗೆ ಬರುತ್ತಿತ್ತು ಸಾರ್, ಅದಕ್ಕೆ ಹಾಕಿದೆವು ಎಂದರು. ಆ ಪೆಟ್ಟಿಗೆಗೆ ಸರ್ಟಿಫಿಕೇಟ್ ಇತ್ತು, ದುಡ್ಡೂ ಬೇಕಾದಷ್ಟು ಸುರಿದಿದ್ದರು. ಆದರೆ ನಾನು ನೋಡಿದ ಹೊತ್ತಿಗೆ ಅದು ಭಾರವಾದ ಕಬ್ಬಿಣದ ಡಬ್ಬಿಯಾಗಿತ್ತೇ ಹೊರತು ಫ್ಲೇಮ್‌ಪ್ರೂಫ್ ಆಗಿರಲಿಲ್ಲ. ಸಲಕರಣೆಯ ಆಯ್ಕೆಯೆಂದರೆ ಮುಂದಿನ ಇಪ್ಪತ್ತು ವರ್ಷ ಅದನ್ನು ಯಾರು ಹೇಗೆ ನೋಡಿಕೊಳ್ಳುತ್ತಾರೆ ಎಂಬುದರ ಆಯ್ಕೆಯೂ ಹೌದು ಎಂದು ನಾನು ಹೇಳುವುದು ಇಂಥವನ್ನು ಕಂಡೇ.

ಮೊದಲು ಅಳತೆಗೋಲುಗಳು

ಎಲ್ಲಕ್ಕಿಂತ ಮೊದಲು ತಿಳಿಯಬೇಕಾದದ್ದು ಆವಿಯ ಗುಣ. ಎಥನಾಲ್‌ನ ಫ್ಲ್ಯಾಶ್ ಪಾಯಿಂಟ್ (ಹೊತ್ತಿಕೊಳ್ಳುವಷ್ಟು ಆವಿ ಏಳುವ ಕನಿಷ್ಠ ತಾಪ) ಸುಮಾರು 12 ಡಿಗ್ರಿ ಸೆಲ್ಸಿಯಸ್, ಅಂದರೆ ನಮ್ಮ ಹವೆಯಲ್ಲಿ ಅದು ಬಹುಮಟ್ಟಿಗೆ ಯಾವಾಗಲೂ ಹೊತ್ತಿಕೊಳ್ಳಬಲ್ಲ ಆವಿಯನ್ನು ಬಿಡುತ್ತಲೇ ಇರುತ್ತದೆ. ಗಾಳಿಯಲ್ಲಿ ಆವಿಯ ಪ್ರಮಾಣ ಸುಮಾರು ಶೇ. 3.1ರಿಂದ ಶೇ. 19ರವರೆಗೆ ಇದ್ದರೆ ಅದು ಸ್ಫೋಟಕ ಮಿಶ್ರಣ. ಇಲ್ಲಿ ಹಲವರು ಗಮನಿಸದ ಒಂದು ಸಂಗತಿಯಿದೆ. ಪೆಟ್ರೋಲ್ ಟ್ಯಾಂಕಿನೊಳಗೆ ಆವಿ ಎಷ್ಟು ದಟ್ಟವಾಗಿರುತ್ತದೆಂದರೆ ಸಾಮಾನ್ಯ ಸ್ಥಿತಿಯಲ್ಲಿ ಅದು ಹೊತ್ತಿಕೊಳ್ಳುವ ಮೇಲಿನ ಮಿತಿಯನ್ನು ದಾಟಿರುತ್ತದೆ. ಎಥನಾಲ್ ಟ್ಯಾಂಕಿನಲ್ಲಿ ಹಾಗಲ್ಲ. 12 ಡಿಗ್ರಿಯಿಂದ ಹೆಚ್ಚುಕಡಿಮೆ 40 ಡಿಗ್ರಿಯವರೆಗೆ, ಅಂದರೆ ನಮ್ಮ ವರ್ಷದ ಬಹುಪಾಲು ದಿನ, ಟ್ಯಾಂಕಿನ ಖಾಲಿ ಜಾಗದ ಆವಿ ಸ್ಫೋಟಕ ಮಿತಿಯ ಒಳಗೇ ಇರುತ್ತದೆ. ಪೆಟ್ರೋಲ್ ಡಿಪೋದ ಅನುಭವವನ್ನು ಡಿಸ್ಟಿಲರಿಗೆ ಹಾಗೆಯೇ ತಂದರೆ ಎಡವುವುದು ಇಲ್ಲಿಯೇ.

ಅಪಾಯ ಏರುವ ಕ್ರಮದಲ್ಲಿ ಐಐಎ, ಐಐಬಿ, ಐಐಸಿ ಎಂದಿರುವ ಅನಿಲಗಳ ಗುಂಪುಗಳಲ್ಲಿ ಎಥನಾಲ್ ಐಐಬಿಗೆ ಸೇರುತ್ತದೆ. ಅದರ ಜ್ವಾಲೆ ತೂರಲಾರದ ಗರಿಷ್ಠ ಸಂದು 0.89 ಮಿಲಿಮೀಟರ್, ಐಐಎ ಗುಂಪು ಶುರುವಾಗುವುದು 0.9 ದಾಟಿದ ಮೇಲೆ. ಕೂದಲೆಳೆಯ ಅಂತರ, ಆದರೂ ಐಐಎ ಮೋಟರ್ ನಡೆಯುವುದಿಲ್ಲ. ತಾಪವರ್ಗ ಟಿ2, ಎಂದರೆ ಸಲಕರಣೆಯ ಮೇಲ್ಮೈ 300 ಡಿಗ್ರಿಯನ್ನು ಮೀರಬಾರದು. ಟಿ3 ಎಂದರೆ 200, ಟಿ4 ಎಂದರೆ 135, ಟಿ6 ಎಂದರೆ 85 ಡಿಗ್ರಿ. ಟೆಂಡರ್ ಬರೆಯುವಾಗ ಇರಲಿ ಎಂದು ಎಲ್ಲಕ್ಕೂ ಐಐಸಿ ಟಿ6 ಎಂದು ಬರೆಯುವ ಚಾಳಿ ನಮ್ಮಲ್ಲಿದೆ. ಹೈಡ್ರೋಜನ್ ಬಿಡುವ ಬ್ಯಾಟರಿ ಕೋಣೆಗೆ ಐಐಸಿ ಕೇಳುವುದು ಸರಿ, ಸ್ಪಿರಿಟ್ ಪಂಪಿಗೆ ಅದರಿಂದ ಆಗುವುದು ಖರ್ಚು ಮಾತ್ರ.

ಎರಡನೆಯ ಅಳತೆಗೋಲು ಝೋನ್. ಸ್ಫೋಟಕ ಮಿಶ್ರಣ ಸದಾ ಅಥವಾ ಬಹುಕಾಲ ಇರುವ ಜಾಗ ಝೋನ್ 0, ಸಹಜ ಕೆಲಸದ ನಡುವೆ ಆಗಾಗ ಬರಬಹುದಾದದ್ದು ಝೋನ್ 1, ಸಹಜವಾಗಿ ಬರದೆ, ಬಂದರೂ ಅಲ್ಪಕಾಲ ಇದ್ದು ಹೋಗುವಂಥದ್ದು ಝೋನ್ 2. ವರ್ಷಕ್ಕೆ 1000 ಗಂಟೆಗಿಂತ ಹೆಚ್ಚು, 10ರಿಂದ 1000 ಗಂಟೆ, 10 ಗಂಟೆಗಿಂತ ಕಡಿಮೆ ಎಂಬ ಲೆಕ್ಕ ಈ ಕ್ಷೇತ್ರದಲ್ಲಿ ರೂಢಿಯಲ್ಲಿದೆ. ಅದು ಕೈಯಂದಾಜು, ವರ್ಗೀಕರಣದ ಕೊನೆಯ ಮಾತಲ್ಲ. ಸ್ಫೋಟಕ ಹವೆಯ ಜಾಗಗಳ ಮಾನಕವಾದ ಐಎಸ್/ಐಇಸಿ 60079ರ ಭಾಗ 10-1 ಹೇಳುವ ಹಾಗೆ ಆವಿ ಎಲ್ಲಿಂದ, ಎಷ್ಟು ಹೊತ್ತು ಸೋರುತ್ತದೆ, ಅಲ್ಲಿ ಗಾಳಿಯಾಟ ಎಷ್ಟಿದೆ, ಆ ಗಾಳಿಯಾಟ ಎಷ್ಟು ನಂಬಿಕೆಗೆ ಅರ್ಹ ಎಂಬುದನ್ನೆಲ್ಲ ಕೂಡಿಸಿ ನೋಡಬೇಕು.

ಮೂರನೆಯದು ಸುತ್ತಲ ಹವೆ. ಫಲಕದ ಮೇಲೆ ಬೇರೆ ಏನೂ ಬರೆದಿಲ್ಲವಾದರೆ ಎಕ್ಸ್ ಸಲಕರಣೆ ಮೈನಸ್ 20ರಿಂದ 40 ಡಿಗ್ರಿಯವರೆಗಿನ ಹವೆಗೆ ಮಾತ್ರ ಪ್ರಮಾಣಿತ. ಕಲಬುರಗಿ, ರಾಯಚೂರು, ಬಾಗಲಕೋಟೆಯ ಏಪ್ರಿಲ್, ಮೇ ತಿಂಗಳುಗಳನ್ನು ಕಂಡವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿಗೆ 50 ಅಥವಾ 55 ಡಿಗ್ರಿಗೆ ಪ್ರಮಾಣಿತವಾದದ್ದನ್ನೇ ಕೇಳಿ. ಉಳಿದಂತೆ ನಿಮ್ಮ ನಿರ್ವಹಣಾ ತಂಡದ ಕೈಚಳಕ, ಘಟಕ ನಡೆಯುತ್ತಿರುವಾಗಲೇ ಬಿಚ್ಚಿ ನೋಡಬೇಕಾಗುವ ಅಗತ್ಯ, ಕೇಬಲ್ ಒಳಹೋಗುವಲ್ಲಿ ಬಿಗಿಯುವ ಗ್ಲ್ಯಾಂಡಿನಿಂದ ತಪಾಸಣೆಯವರೆಗಿನ ಒಟ್ಟು ಖರ್ಚು, ಕೊನೆಗೆ ಸರ್ಟಿಫಿಕೇಟ್. ಮೋಟರಿನ ಬೆಲೆಯನ್ನಷ್ಟೇ ಹೋಲಿಸಿ ನಿರ್ಧರಿಸಿದವರು ಗ್ಲ್ಯಾಂಡಿನ ಬಿಲ್ ಬಂದಾಗ ಹುಬ್ಬೇರಿಸುತ್ತಾರೆ.

ಮೊದಲ ಆಯ್ಕೆ: ಅಲ್ಲಿ ಇಡದೇ ಇರುವುದು

ಇದನ್ನು ಆಯ್ಕೆಯೆಂದು ಯಾವ ಕ್ಯಾಟಲಾಗೂ ಹೇಳುವುದಿಲ್ಲ, ಏಕೆಂದರೆ ಇದರಲ್ಲಿ ಮಾರುವುದಕ್ಕೆ ಏನೂ ಇಲ್ಲ. ಆದರೂ ಇದಕ್ಕಿಂತ ಅಗ್ಗವಾದ, ಗಟ್ಟಿಯಾದ ದಾರಿ ಇನ್ನೊಂದಿಲ್ಲ. ಸ್ಟಾರ್ಟರ್ ಪ್ಯಾನಲ್, ಲೈಟಿಂಗ್ ಡಿಬಿ (ವಿತರಣಾ ಪೆಟ್ಟಿಗೆ), ವೆಲ್ಡಿಂಗ್ ಸಾಕೆಟ್ ಇವುಗಳನ್ನು ಗೆರೆಯ ಆಚೆಗೆ ಹತ್ತು ಹದಿನೈದು ಮೀಟರ್ ಸರಿಸಿದರೆ ಬೀಳುವುದು ಕೇಬಲ್ಲಿನ ಖರ್ಚು ಮಾತ್ರ. ಪುಶ್ ಬಟನ್ ಸ್ಟೇಷನ್ ಒಂದೇ ಮೋಟರ್ ಬಳಿ ಉಳಿಯುತ್ತದೆ.

ಗೆರೆಯನ್ನೇ ಕುಗ್ಗಿಸುವ ಅವಕಾಶವೂ ಉಂಟು. ನಾಲ್ಕೂ ಕಡೆ ಗೋಡೆ ಎಬ್ಬಿಸಿ, ಮೇಲೆ ಎರಡು ಕಿಂಡಿ ಬಿಟ್ಟ ರಿಸೀವರ್ ಕೋಣೆಗೂ, ಸುತ್ತ ತೆರೆದ ಶೆಡ್ಡಿಗೂ ವರ್ಗೀಕರಣದಲ್ಲಿ ಬಹಳ ವ್ಯತ್ಯಾಸವಾಗುತ್ತದೆ. ಎಥನಾಲ್ ಆವಿ ಗಾಳಿಗಿಂತ ಸುಮಾರು 1.6 ಪಟ್ಟು ಭಾರ, ಆದ್ದರಿಂದ ಗಾಳಿ ಓಡಾಡಬೇಕಾದದ್ದು ನೆಲದ ಮಟ್ಟದಲ್ಲಿ. ಸೂರಿನಡಿಯ ಎಕ್ಸಾಸ್ಟ್ ಫ್ಯಾನ್ ನೋಡಿ ಸಮಾಧಾನಪಡುವಂತಿಲ್ಲ. ಇದೇ ಕಾರಣಕ್ಕೆ ಝೋನ್ 2ರ ಒಳಗಿನ ಗುಂಡಿ, ಪಂಪ್ ಪಿಟ್, ಕೇಬಲ್ ಟ್ರೆಂಚ್‌ಗಳನ್ನು ಝೋನ್ 1 ಎಂದೇ ಎಣಿಸುವುದು ವಾಡಿಕೆ, ಟ್ರೆಂಚ್‌ಗಳಿಗೆ ಮರಳು ತುಂಬಿಸುವುದೂ ಅದಕ್ಕೇ.

ಫರ್ಮೆಂಟೇಶನ್ ವಿಭಾಗದ ವಿಷಯದಲ್ಲಿ ತಪ್ಪು ಇನ್ನೊಂದು ದಿಕ್ಕಿಗೆ ಆಗುತ್ತದೆ. ಶೇ. 10ರಷ್ಟು ಎಥನಾಲ್ ಇರುವ ನೀರಿನ ಫ್ಲ್ಯಾಶ್ ಪಾಯಿಂಟ್ 49 ಡಿಗ್ರಿಯ ಆಸುಪಾಸು. ಫರ್ಮೆಂಟರಿನ ವಾಶ್, ಎಂದರೆ ಹುದುಗುತ್ತಿರುವ ದ್ರಾವಣ, 32, 33 ಡಿಗ್ರಿಯಲ್ಲಿರುತ್ತದೆ. ಅಲ್ಲಿನ ಪ್ರತಿ ದೀಪವೂ ಎಫ್‌ಎಲ್‌ಪಿ ಆಗಬೇಕೆಂದು ಹಟ ಹಿಡಿಯುವ ಮುನ್ನ ಈ ಲೆಕ್ಕವನ್ನು ವರ್ಗೀಕರಣದ ದಾಖಲೆಯಲ್ಲಿ ಬರೆಯಿರಿ, ಅಲ್ಲಿ ಉಳಿದ ಹಣವನ್ನು ಡಿಸ್ಟಿಲೇಶನ್, ರಿಸೀವರ್, ಟ್ಯಾಂಕ್ ಫಾರ್ಮ್, ಟ್ಯಾಂಕರ್ ಲೋಡಿಂಗ್ ಕಡೆಗೆ ತಿರುಗಿಸಿ.

ಎಫ್‌ಎಲ್‌ಪಿ, ಎಂದರೆ ಎಕ್ಸ್ ಡಿ

ಆವಿ ಒಳಗೆ ಹೋಗುವುದನ್ನು ಎಫ್‌ಎಲ್‌ಪಿ ತಡೆಯುವುದಿಲ್ಲ. ಒಳಗೆ ಹೋಗಿ ಸ್ಫೋಟವಾದರೂ ಪೆಟ್ಟಿಗೆ ಒಡೆಯಬಾರದು, ಅಂಚಿನ ಕಿರಿದಾದ ಸಂದಿನಲ್ಲಿ ಹಾದು ಬರುವ ಬೆಂಕಿ ಹೊರಗಿನ ಆವಿಯನ್ನು ಹೊತ್ತಿಸದಷ್ಟು ತಣ್ಣಗಾಗಬೇಕು ಎಂಬುದು ಇದರ ಕಲ್ಪನೆ. ಕಿಡಿ ಹಾರುವುದೇ ಸಹಜವಾದ ಸ್ವಿಚ್, ಕಾಂಟ್ಯಾಕ್ಟರ್, ಐಸೊಲೇಟರ್‌ಗಳಿಗೆ ಝೋನ್ 1ರಲ್ಲಿ ಇದು ಹೇಳಿ ಮಾಡಿಸಿದ ರಕ್ಷಣೆ. ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುತ್ತದೆ, ಇನ್‌ಸ್ಪೆಕ್ಟರುಗಳಿಗೂ ಪರಿಚಿತ. ವಿಎಫ್‌ಡಿ (ವೇಗ ಬದಲಿಸುವ ಡ್ರೈವ್) ಮೇಲೆ ಓಡುವ ಮೋಟರಿಗೂ, ವೈಂಡಿಂಗ್‌ನಲ್ಲಿ ಬಿಸಿ ಗಮನಿಸುವ ಥರ್ಮಿಸ್ಟರ್ ಇಟ್ಟು, ಸರ್ಟಿಫಿಕೇಟಿನಲ್ಲಿ ವಿಎಫ್‌ಡಿಯ ಉಲ್ಲೇಖವಿದ್ದರೆ, ಇದು ಸಲೀಸು.

ತೊಂದರೆ ಇರುವುದು ಆ ಸಂದಿನಲ್ಲಿ. ಪೇಂಟ್, ತುಕ್ಕು, ಗೀರು, ರಬ್ಬರ್, ಕಾಣೆಯಾದ ಬೋಲ್ಟು ಇವುಗಳಲ್ಲಿ ಯಾವುದೊಂದಾದರೂ ಸಾಕು, ರಕ್ಷಣೆ ಹೋಯಿತು. ಸಂದಿಗೆ ಎದುರಾಗಿ ಐಐಎಗೆ 10, ಐಐಬಿಗೆ 30, ಐಐಸಿಗೆ 40 ಮಿಲಿಮೀಟರ್ ಒಳಗೆ ಗೋಡೆಯಾಗಲಿ ಪೈಪಾಗಲಿ ಇರಬಾರದು. ಪೆಟ್ಟಿಗೆಯನ್ನು ಕಾಲಮ್ಮಿಗೆ ಅಂಟಿಸಿದಂತೆ ಕೂರಿಸುವವರು ಇದನ್ನು ಮರೆಯುತ್ತಾರೆ. ಎಫ್‌ಎಲ್‌ಪಿ ಎಂದ ಮಾತ್ರಕ್ಕೆ ನೀರು ಬರುವುದಿಲ್ಲವೆಂದೂ ಅಲ್ಲ. ಮಳೆಗೆ ಒಡ್ಡುವುದಾದರೆ ಧೂಳು, ನೀರು ತಡೆಯುವ ದರ್ಜೆ ಐಪಿ 65 ಎಂದು ಪ್ರತ್ಯೇಕವಾಗಿ ಕೇಳಿ, ತಯಾರಕರೇ ಓ-ರಿಂಗ್ ಕೂರಿಸಿ ಪ್ರಮಾಣೀಕರಿಸಿ ಕೊಡುತ್ತಾರೆ, ಸೈಕಲ್ ಟ್ಯೂಬಿಗೆ ಕೆಲಸವಿರುವುದಿಲ್ಲ.

ಇನ್‌ಕ್ರೀಸ್ಡ್ ಸೇಫ್ಟಿ, ಎಂದರೆ ಎಕ್ಸ್ ಇ

ಇಲ್ಲಿ ದಾರಿಯೇ ಬೇರೆ. ಕಿಡಿಯೂ ಅತಿಯಾದ ಬಿಸಿಯೂ ಹುಟ್ಟದ ಹಾಗೆ ಟರ್ಮಿನಲ್, ನಿರೋಧನ, ಅಂತರಗಳನ್ನು ಬಿಗಿಮಾಡುವುದು. ಹಾಗಾಗಿ ಸ್ವಿಚ್ಚಿಗೆ ಇದು ಆಗದು. ಜಂಕ್ಷನ್ ಬಾಕ್ಸಿಗೆ, ದೀಪದ ಟರ್ಮಿನಲ್ಲಿಗೆ, ಕೇಜ್ ಮೋಟರಿಗೆ ಆಗುತ್ತದೆ. ಹಗುರ, ಪಾಲಿಯೆಸ್ಟರ್ ಪೆಟ್ಟಿಗೆಯಾದರೆ ತುಕ್ಕಿನ ಮಾತಿಲ್ಲ, ಗ್ಲ್ಯಾಂಡ್ ಅಗ್ಗ, ತೆರೆದು ಮುಚ್ಚುವಾಗ ಆಗುವ ತಪ್ಪುಗಳೂ ಕಡಿಮೆ. ನನ್ನ ಅಭಿಪ್ರಾಯದಲ್ಲಿ ಝೋನ್ 1ರ ಜಂಕ್ಷನ್ ಬಾಕ್ಸುಗಳನ್ನು ನಾವು ಅಭ್ಯಾಸಬಲದಿಂದ ಎಫ್‌ಎಲ್‌ಪಿ ಮಾಡುತ್ತಿದ್ದೇವೆಯೇ ವಿನಾ ಅಗತ್ಯದಿಂದಲ್ಲ.

ಮೋಟರಿನ ವಿಷಯದಲ್ಲಿ ಎಚ್ಚರ ಬೇಕು. ಎಕ್ಸ್ ಇ ಮೋಟರಿನ ಫಲಕದಲ್ಲಿ ಟಿ-ಇ ಸಮಯ ಎಂದು ಬರೆದಿರುತ್ತದೆ. ಬಿಸಿಯಾಗಿ ಓಡುತ್ತಿದ್ದ ಮೋಟರಿನ ರೋಟರ್ ಸಿಕ್ಕಿಕೊಂಡು ನಿಂತರೆ, ಇಷ್ಟು ಸೆಕೆಂಡಿನೊಳಗೆ ರಿಲೇ ಅದನ್ನು ಕಡಿದು ಹಾಕಬೇಕು ಎಂದು ಅದರ ಅರ್ಥ. ಈ ಸಮಯ 5 ಸೆಕೆಂಡಿಗಿಂತ ಕಡಿಮೆ ಇರುವಂತಿಲ್ಲ. ರಕ್ಷಣೆಯ ಅರ್ಧಭಾಗ ಮೋಟರಿನಲ್ಲಿಲ್ಲ, ದೂರದ ಎಂಸಿಸಿಯ (ಮೋಟರ್ ನಿಯಂತ್ರಣ ಪ್ಯಾನಲ್ಲಿನ) ರಿಲೇಯಲ್ಲಿದೆ. ಪದೇ ಪದೇ ಟ್ರಿಪ್ ಆಗುತ್ತಿದೆಯೆಂದು ರಾತ್ರಿ ಪಾಳಿಯವರು ರಿಲೇ ಸೆಟ್ಟಿಂಗ್ ಎತ್ತಿಬಿಡುವ ಕಡೆ ಈ ಆಯ್ಕೆ ಬೇಡ. ವಿಎಫ್‌ಡಿ ಬೇಕೆಂದಾದರೆ ಮೋಟರ್ ಮತ್ತು ಡ್ರೈವ್ ಎರಡನ್ನೂ ಜೋಡಿಯಾಗಿ ಪರೀಕ್ಷಿಸಿರಬೇಕು, ಅದು ದುಬಾರಿ ತಲೆನೋವು.

ಝೋನ್ 2ಕ್ಕೆ ಇದರದ್ದೇ ಸಡಿಲ ರೂಪ ಎಕ್ಸ್ ಇಸಿ. ಹಿಂದೆ ನಾನ್-ಸ್ಪಾರ್ಕಿಂಗ್ ಅಥವಾ ಎಕ್ಸ್ ಎನ್‌ಎ ಎನ್ನುತ್ತಿದ್ದೆವು. ಬಯಲಿನಲ್ಲಿರುವ, ಮೆಕ್ಯಾನಿಕಲ್ ಸೀಲ್ ಇರುವ ವರ್ಗಾವಣೆ ಪಂಪುಗಳ ಮೋಟರ್ ಝೋನ್ 2ರಲ್ಲಿ ಬಿದ್ದರೆ ಎಫ್‌ಎಲ್‌ಪಿಗೆ ಹೋಲಿಸಿದಾಗ ಇದು ಸಾಕಷ್ಟು ಅಗ್ಗ. ಇಂಥ ಮೋಟರುಗಳ ಸಂಖ್ಯೆ ಹೆಚ್ಚಿರುವ ದೊಡ್ಡ ಘಟಕದಲ್ಲಿ ಉಳಿತಾಯ ಕಣ್ಣಿಗೆ ಕಾಣುವಷ್ಟಾಗುತ್ತದೆ.

ಇಂಟ್ರಿನ್ಸಿಕ್ ಸೇಫ್ಟಿ, ಎಂದರೆ ಎಕ್ಸ್ ಐ

ಕಿಡಿ ಹಾರಿದರೂ ಆವಿಯನ್ನು ಹೊತ್ತಿಸುವಷ್ಟು ಶಕ್ತಿ ತಂತಿಯಲ್ಲೇ ಇರದಂತೆ ಮಾಡುವುದು ಇದರ ಗುಟ್ಟು. ಎಕ್ಸ್ ಐಎ ಎರಡು ದೋಷಗಳಾದರೂ ಸುರಕ್ಷಿತ, ಝೋನ್ 0ಗೆ ಸಲ್ಲುತ್ತದೆ. ಐಬಿ ಒಂದು ದೋಷಕ್ಕೆ, ಝೋನ್ 1ಕ್ಕೆ. ಐಸಿ ಝೋನ್ 2ಕ್ಕೆ. ಟ್ಯಾಂಕಿನೊಳಗೆ ಇಳಿಯುವ ಲೆವೆಲ್ ಸ್ವಿಚ್‌ಗಾಗಲಿ, ರಡಾರ್ ಟ್ರಾನ್ಸ್‌ಮಿಟರಿನ ಆಂಟೆನಾಕ್ಕಾಗಲಿ ವಾಸ್ತವದಲ್ಲಿ ಇದೇ ದಾರಿ. ರಡಾರಿನ ಫಲಕದ ಮೇಲೆ ಜಿಎ/ಜಿಬಿ ಎಂದು ಜೋಡಿಯಾಗಿ ಬರೆದಿದ್ದರೆ, ಟ್ಯಾಂಕಿನೊಳಗಿನ ಭಾಗ ಝೋನ್ 0ಗೆ, ಹೊರಗಿನ ತಲೆ ಝೋನ್ 1ಕ್ಕೆ ಎಂದು ತಿಳಿಯಬೇಕು. ಬರೀ ಜಿಬಿ ಇದ್ದರೆ ಟ್ಯಾಂಕಿನೊಳಗೆ ಬಿಡಬೇಡಿ.

ಘಟಕ ನಿಲ್ಲಿಸದೆ, ಕರೆಂಟ್ ಕಡಿಯದೆ ಟ್ರಾನ್ಸ್‌ಮಿಟರ್ ಬಿಚ್ಚಿ ಕ್ಯಾಲಿಬ್ರೇಟ್ ಮಾಡಬಹುದು ಎಂಬುದೇ ಇದರ ದೊಡ್ಡ ಲಾಭ. ಎಫ್‌ಎಲ್‌ಪಿ ಟ್ರಾನ್ಸ್‌ಮಿಟರಿನಲ್ಲಿ ಇದು ಆಗದು. ತಾಪ ಅಳೆಯುವ ಆರ್‌ಟಿಡಿ, ಥರ್ಮೊಕಪಲ್, ಸಾಮಾನ್ಯ ಸ್ವಿಚ್‌ಗಳಂಥವು ಸರಳ ಉಪಕರಣಗಳೆಂದು ಪರಿಗಣಿತವಾಗಿ, ಬ್ಯಾರಿಯರ್ ಮೂಲಕ ಜೋಡಿಸಿದಾಗ ಅವಕ್ಕೆ ಬೇರೆ ಸರ್ಟಿಫಿಕೇಟ್ ಬೇಕಾಗುವುದಿಲ್ಲ. ಬೆಲೆ ತೆರುವುದು ಕಾಗದದಲ್ಲಿ. ಬ್ಯಾರಿಯರ್ ಕೊಡಬಲ್ಲ ಗರಿಷ್ಠ ವೋಲ್ಟೇಜ್, ಕರೆಂಟ್, ಪವರ್ ಇವು ಉಪಕರಣ ತಾಳಬಲ್ಲದ್ದಕ್ಕಿಂತ ಹೆಚ್ಚಿರಬಾರದು. ಉಪಕರಣ ಮತ್ತು ಕೇಬಲ್ಲಿನ ಕೆಪ್ಯಾಸಿಟೆನ್ಸ್, ಇಂಡಕ್ಟೆನ್ಸ್ ಕೂಡಿಸಿದರೆ ಬ್ಯಾರಿಯರಿನ ಮಿತಿಯೊಳಗಿರಬೇಕು. ಪ್ರತಿ ಲೂಪಿಗೂ ಈ ಲೆಕ್ಕ ಬರೆದಿಡಬೇಕು, ಬ್ಯಾರಿಯರಿನ ಮಾಡೆಲ್ ಬದಲಾದರೆ ಮತ್ತೆ ಬರೆಯಬೇಕು. ಝೀನರ್ ಬ್ಯಾರಿಯರ್ ಅಗ್ಗ, ಆದರೆ ಅದಕ್ಕೆಂದೇ ಪ್ರತ್ಯೇಕವಾದ, ಒಂದು ಓಮಿಗಿಂತ ಕಡಿಮೆಯ ಅರ್ತಿಂಗ್ ಬೇಕು. ಅರ್ತಿಂಗ್ ಮೇಲೆ ಭರವಸೆ ಇಲ್ಲದ ಕಡೆ ಎರಡೂ ಬದಿಯ ಸರ್ಕ್ಯೂಟನ್ನು ಬೇರ್ಪಡಿಸುವ ಗ್ಯಾಲ್ವನಿಕ್ ಐಸೊಲೇಟರಿಗೆ ಹೆಚ್ಚು ಕೊಡುವುದೇ ಮೇಲು. ಕಪ್ಪು ಮಣ್ಣಿನ ಬೇಸಿಗೆಯ ಬಿರುಕುಗಳಲ್ಲಿ ಅರ್ತ್ ಪಿಟ್ಟುಗಳ ಪಾಡು ಏನಾಗುತ್ತದೆಂದು ಬಲ್ಲವರು ಇದಕ್ಕೆ ತಲೆದೂಗುತ್ತಾರೆ.

ಗಾಳಿಯ ಒತ್ತಡದ ರಕ್ಷಣೆ, ಎಂದರೆ ಎಕ್ಸ್ ಪಿ

ಪ್ಯಾನಲ್ಲಿನೊಳಗೆ ಶುದ್ಧ ಗಾಳಿ ತುಂಬಿ, ಹೊರಗಿಗಿಂತ ಒಳಗೆ ಒತ್ತಡ ಹೆಚ್ಚಿಟ್ಟು ಆವಿಯನ್ನು ದೂರ ಇಡುವ ಬಗೆ ಇದು. ಝೋನ್ 1ರಲ್ಲಿ ಬೇಕಾದದ್ದು ಕನಿಷ್ಠ 50 ಪಾಸ್ಕಲ್, ಸುಮಾರು 5 ಮಿಲಿಮೀಟರ್ ನೀರಿನ ಎತ್ತರದಷ್ಟು. ಅನಲೈಜರ್, ಯಂತ್ರ ನಿಯಂತ್ರಣದ ದೊಡ್ಡ ಪಿಎಲ್‌ಸಿ ಪ್ಯಾನಲ್, ಬಹಳ ದೊಡ್ಡ ಮೋಟರುಗಳಿಗೆ ಬೇರೆ ಉಪಾಯ ಸುಲಭವಲ್ಲ. ಆದರೆ ಗಾಳಿ ಎಳೆಯುವ ಬಾಯಿ ಅಪಾಯದ ವಲಯದ ಆಚೆ ಇರಬೇಕು, ಒಳಗಿನ ಆವಿಯನ್ನು ಗಾಳಿಯಿಂದ ಹೊರದೂಡುವ ಪರ್ಜಿಂಗ್ ಮುಗಿಯುವ ತನಕ ಒಳಗೆ ಕರೆಂಟ್ ಬರಬಾರದು, ಒತ್ತಡ ಬಿದ್ದರೆ ಝೋನ್ 1ರಲ್ಲಿ ತಾನಾಗಿ ಕಡಿಯಬೇಕು. ಇನ್‌ಸ್ಟ್ರುಮೆಂಟ್ ಏರ್ ಆಗಾಗ ಕೈಕೊಡುವ ಕಾರ್ಖಾನೆಯಲ್ಲಿ ಪ್ಯಾನಲ್ಲನ್ನು ಗೆರೆಯಾಚೆಗೆ ಸರಿಸುವುದೇ ವಾಸಿ. ರಾಳದಲ್ಲಿ ಹೂತ ಎಕ್ಸ್ ಎಮ್ ಸೊಲೆನಾಯ್ಡ್ ಕಾಯಿಲ್ ಬಿಟ್ಟರೆ ಉಳಿದ ಬಗೆಗಳು ಡಿಸ್ಟಿಲರಿಯಲ್ಲಿ ಅಷ್ಟಾಗಿ ಎದುರಾಗುವುದಿಲ್ಲ.

ಸಕ್ಕರೆ ಧೂಳನ್ನು ಮರೆಯುವುದು

ಎಥನಾಲ್ ಎಂದರೆ ಎಲ್ಲರೂ ಎಚ್ಚರವಾಗುತ್ತಾರೆ, ಗೋಡೆಯಾಚೆಯ ಸಕ್ಕರೆ ಗ್ರೇಡಿಂಗ್ ಮತ್ತು ಬ್ಯಾಗಿಂಗ್ ವಿಭಾಗದತ್ತ ನೋಡುವುದಿಲ್ಲ. 2008ರ ಫೆಬ್ರವರಿ 7ರಂದು ಅಮೆರಿಕದ ಜಾರ್ಜಿಯಾದ ಪೋರ್ಟ್ ವೆಂಟ್‌ವರ್ತ್‌ನಲ್ಲಿದ್ದ ಇಂಪೀರಿಯಲ್ ಶುಗರ್ ಕಾರ್ಖಾನೆಯಲ್ಲಿ ಸಕ್ಕರೆ ಧೂಳು ಸ್ಫೋಟಿಸಿ 14 ಜನ ಸತ್ತರು. ತನಿಖೆಯ ಪ್ರಕಾರ ಮೊದಲ ಸ್ಫೋಟ ಆದದ್ದು ಅದಕ್ಕೆ ಸ್ವಲ್ಪ ಮುಂಚೆಯಷ್ಟೇ ಉಕ್ಕಿನ ತಗಡಿನಿಂದ ಮುಚ್ಚಿದ್ದ ಕನ್ವೇಯರಿನಲ್ಲಿ, ಬೆಂಕಿಯ ಮೂಲ ಬಹುಶಃ ಕಾದ ಬೇರಿಂಗ್. ಸಕ್ಕರೆ ಕೆಡದಿರಲಿ ಎಂದು ಮುಚ್ಚಿದ ತಗಡಿನೊಳಗೇ ಧೂಳು ದಟ್ಟವಾಗಿ ಕೂಡಿಕೊಂಡಿತ್ತು.

ಧೂಳಿಗೆ ಝೋನ್‌ಗಳು 20, 21, 22 ಎಂದು ಬೇರೆ, ಸಕ್ಕರೆಯದು ವಿದ್ಯುತ್ ಹರಿಸದ ಧೂಳಿನ ಐಐಐಬಿ ಗುಂಪು. ಇಲ್ಲಿಗೆ ಹೊಂದುವುದು ಧೂಳು ನುಗ್ಗದಂತೆ ಮುಚ್ಚಿದ ಎಕ್ಸ್ ಟಿ ಸಲಕರಣೆ. ಅನಿಲಕ್ಕೆ ಮಾತ್ರ ಪ್ರಮಾಣಿತವಾದ ಎಫ್‌ಎಲ್‌ಪಿ ಮೋಟರನ್ನು ತಂದಿಟ್ಟರೆ ಆಗದು. ಮೇಲ್ಮೈ ಬಿಸಿಯ ಲೆಕ್ಕವೂ ಬೇರೆ: ಧೂಳಿನ ಮೋಡ ಹೊತ್ತುವ ತಾಪದ ಮೂರರಲ್ಲಿ ಎರಡು ಪಾಲನ್ನೂ, 5 ಮಿಲಿಮೀಟರ್ ದಪ್ಪದ ಪದರ ಹೊತ್ತುವ ತಾಪದಿಂದ 75 ಡಿಗ್ರಿ ಕಳೆದದ್ದನ್ನೂ ನೋಡಿ, ಅವುಗಳಲ್ಲಿ ಕಡಿಮೆಯಾದದ್ದನ್ನು ಮಿತಿಯಾಗಿ ಹಿಡಿಯಬೇಕು. ಎಲಿವೇಟರಿನ ಬೇರಿಂಗ್, ಉಜ್ಜುವ ಬೆಲ್ಟ್ ಇವಕ್ಕೆ ವಿದ್ಯುತ್ತಲ್ಲದ ಸಲಕರಣೆಗಳ ಮಾನಕವಾದ ಐಎಸ್‌ಒ 80079ರ 36, 37ನೇ ಭಾಗಗಳಿವೆ. ಯಾವ ಎಕ್ಸ್ ಸಲಕರಣೆ ತಂದರೂ ಪೊರಕೆಯ ಕೆಲಸವನ್ನು ಅದು ಮಾಡುವುದಿಲ್ಲ.

ಯಾರಿಗೆ ಯಾವುದು

ಹೊಸದಾಗಿ ದೊಡ್ಡ ಘಟಕ ಕಟ್ಟುವವರಿಗೆ ನನ್ನ ಸಲಹೆ ಇದು: ವರ್ಗೀಕರಣದ ನಕ್ಷೆ ಮುಗಿಯುವ ತನಕ ಮೋಟರ್ ಆರ್ಡರ್ ಕೊಡಬೇಡಿ. ಬಳಿಕ ಇನ್‌ಸ್ಟ್ರುಮೆಂಟ್‌ಗಳೆಲ್ಲ ಎಕ್ಸ್ ಐಎ ಆಗಿ ಗ್ಯಾಲ್ವನಿಕ್ ಐಸೊಲೇಟರ್‌ಗಳೊಂದಿಗೆ, ಝೋನ್ 1ರ ಮೋಟರ್ ಮತ್ತು ಪುಶ್ ಬಟನ್ ಎಕ್ಸ್ ಡಿ, ಝೋನ್ 2ರ ಮೋಟರ್ ಎಕ್ಸ್ ಇಸಿ, ಜಂಕ್ಷನ್ ಬಾಕ್ಸ್ ಎಕ್ಸ್ ಇ, ಪ್ಯಾನಲ್ಲುಗಳು ಗೆರೆಯಾಚೆ. ದ್ರಾವಕ ಬಳಸುವ ಸಣ್ಣ ಕಾರ್ಖಾನೆ, ಎಲೆಕ್ಟ್ರಿಷಿಯನ್ ಒಬ್ಬರೇ, ಮೋಟರ್ ನಾಲ್ಕೈದು ಎಂದಾದರೆ ಬಗೆಬಗೆಯ ರಕ್ಷಣೆಗಳನ್ನು ಬೆರೆಸುವುದಕ್ಕಿಂತ ಎಲ್ಲವನ್ನೂ ಎಕ್ಸ್ ಡಿ ಮಾಡುವುದು ಒಳ್ಳೆಯದು. ಆ ಒಬ್ಬರಿಗೆ ಒಂದೇ ನಿಯಮ ಸರಿಯಾಗಿ ತಿಳಿದಿದ್ದರೆ ಸಾಕು, ಬೆಲೆಯ ವ್ಯತ್ಯಾಸ ಅಷ್ಟು ಕಡಿಮೆ ಸಂಖ್ಯೆಯಲ್ಲಿ ಭಾರವಾಗುವುದಿಲ್ಲ. ಹಳೆಯ ಘಟಕದವರು ಹೊಸದನ್ನು ಕೊಳ್ಳುವ ಮುನ್ನ ಇರುವುದನ್ನು ಬಿಚ್ಚಿ ನೋಡಲಿ. ಹೊರಗೆ ರಿವೈಂಡ್ ಮಾಡಿಸಿ ತಂದ ಎಫ್‌ಎಲ್‌ಪಿ ಮೋಟರುಗಳಿದ್ದರೆ, ರಿಪೇರಿ 60079ರ 19ನೇ ಭಾಗದಂತೆ ಆಗಿದೆಯೆಂಬುದಕ್ಕೆ ದಾಖಲೆಯಿಲ್ಲದ ಪ್ರತಿಯೊಂದನ್ನೂ ಬದಲಾಯಿಸುವ ಪಟ್ಟಿಗೆ ಸೇರಿಸಿ.

ಸರ್ಟಿಫಿಕೇಟಿನ ವಿಷಯದಲ್ಲಿ ಯುರೋಪಿನ ಅಟೆಕ್ಸ್ ಗುರುತು ಕಂಡೊಡನೆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ಪೆಟ್ರೋಲಿಯಂ ನಿಯಮಗಳು, 2002 ಅನ್ವಯವಾಗುವ ಜಾಗಗಳಲ್ಲಿ ಸಲಕರಣೆಗೆ ನಾಗಪುರದಲ್ಲಿ ಕೇಂದ್ರ ಕಚೇರಿಯಿರುವ ಪೆಸೊ (ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ) ಸಂಸ್ಥೆಯ ಅನುಮೋದನೆ ಬೇಕು. ಅಮೆರಿಕದ ಕ್ಲಾಸ್ ಒನ್, ಡಿವಿಷನ್ ಒನ್ ಎಂದು ಗುರುತಿಸಿದ ಯಂತ್ರವಾದರೆ ಅದು ನಮ್ಮ ಝೋನ್ ಲೆಕ್ಕಕ್ಕೆ ನೇರವಾಗಿ ಹೊಂದುವುದಿಲ್ಲ, ಅಲ್ಲಿನ ಅನಿಲ ಗುಂಪಿನ ಅಕ್ಷರಗಳೂ ಬೇರೆ. ಮೋಟರಿನ ಜೊತೆಗೆ ಗ್ಲ್ಯಾಂಡ್, ಸ್ಟಾಪಿಂಗ್ ಪ್ಲಗ್‌ಗಳ ಸರ್ಟಿಫಿಕೇಟನ್ನೂ ಕೇಳಿ, ಪೂರೈಕೆದಾರರು ತಾವಾಗಿ ಕೊಡುವುದು ಅಪರೂಪ.

ಸಲಕರಣೆ ಬಂದು ಕೂತ ದಿನ, ಕರೆಂಟ್ ಕೊಡುವ ಮುಂಚೆ, ಪ್ರತಿಯೊಂದನ್ನೂ ತೆರೆದು ವಿವರವಾಗಿ ಪರಿಶೀಲಿಸಿ, ಸಂದಿನ ಅಂಚು, ಬೋಲ್ಟು, ಗ್ಲ್ಯಾಂಡ್, ಫಲಕ ಇವುಗಳ ಫೋಟೊ ತೆಗೆದು ಟ್ಯಾಗ್ ನಂಬರಿನ ಹೆಸರಿನಲ್ಲಿ ಇಡಿ. ಮುಂದಿನ ತಪಾಸಣೆಗಳ ನಡುವೆ ಮೂರು ವರ್ಷಕ್ಕಿಂತ ಹೆಚ್ಚು ಅಂತರ ಬಿಡಬಾರದೆಂಬುದು ಸಾಮಾನ್ಯ ನಿಯಮ. ಆಗ ಬರುವ ಹುಡುಗನಿಗೆ ಎಂಟು ಬೋಲ್ಟು ಇದ್ದವೋ ಐದೇ ಇದ್ದವೋ ಎಂದು ಆ ಫೋಟೊ ಹೇಳುತ್ತದೆ.